ಒಂದು ಮೀನಿಗೆ ಹತ್ತುವ ಹೇನು ಇನ್ನೊಂದಕ್ಕೆ ಯಾಕೆ ಹತ್ತುವುದಿಲ್ಲ?

ಪ್ರಶ್ನೆ: ಸಾಲ್ಮನ್ ಸಾಕಣೆಯಲ್ಲಿ ಕಡಲ ಹೇನಿನ ಕಾಟ ಬಹಳ ದೊಡ್ಡದು ಎಂದು ಓದಿದ್ದೇನೆ. ಆದರೆ ಎಲ್ಲ ಸಾಲ್ಮನ್‌ಗಳಿಗೂ ಅದು ಒಂದೇ ಸಮ ಇಲ್ಲವಂತೆ, ಕೆಲವು ಜಾತಿಗಳಿಗೆ ಹೇನು ಹತ್ತುವುದೇ ಇಲ್ಲವಂತೆ. ಇದು ನಿಜವೇ? ನಿಜವಾದರೆ ಆ ಮೀನುಗಳಲ್ಲಿ ಅಂಥದ್ದೇನಿದೆ? ಹೇನು ಹತ್ತದ ಜಾತಿಯನ್ನೇ ಸಾಕಿದರೆ ಮುಗಿಯಿತಲ್ಲವೇ?

ಉತ್ತರ: ಅರ್ಧ ನಿಜ. ಹೇನನ್ನು ತಡೆಯುವ ಶಕ್ತಿಯಲ್ಲಿ ಜಾತಿಯಿಂದ ಜಾತಿಗೆ ಅಜಗಜಾಂತರವಿದೆ, ಅದು ಸರಿ. ಕೆಲವಕ್ಕೆ ಹತ್ತುವುದೇ ಇಲ್ಲ ಎನ್ನುವ ಮಾತು ಮಾತ್ರ ಸರಿಯಲ್ಲ. ಹೇನಿನ ಮರಿ ಎಲ್ಲ ಸಾಲ್ಮನ್‌ಗಳ ಮೈಮೇಲೂ ಬಂದು ಕೂರುತ್ತದೆ. ಹೇನಿಗೆ ಜಗ್ಗದ ಮೀನು ಎಂದು ಹೆಸರಾದ ಕೋಹೋ ಸಾಲ್ಮನ್ ಮೇಲೂ ಕೂರುತ್ತದೆ. ಕೂತದ್ದು ಅಲ್ಲಿ ಬಾಳುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಆ ಮೀನಿನ ಚರ್ಮ, ಅದೂ ಮೊದಲ ಕೆಲವೇ ದಿನಗಳಲ್ಲಿ. ಗುಟ್ಟೆಲ್ಲ ಆ ದಿನಗಳಲ್ಲೇ ಅಡಗಿರುವುದರಿಂದ ಹೇನಿನ ಬದುಕಿನಿಂದಲೇ ಶುರು ಮಾಡುತ್ತೇನೆ.

ಹೇನು ಎಂದು ಕರೆದರೂ ಇದು ತಲೆಹೇನಿನ ಬಳಗದ್ದಲ್ಲ. ತಲೆಹೇನು ಕೀಟ. ಇದು ಸೀಗಡಿ, ಏಡಿಗಳಿಗೆ ದೂರದ ನೆಂಟ. ಸಾಲ್ಮನ್ ಸಾಕಣೆಯನ್ನು ಕಾಡುವ ಮುಖ್ಯ ಜಾತಿಯ ವೈಜ್ಞಾನಿಕ ಹೆಸರು ಲೆಪಿಯಾಫ್ತೈರಸ್ ಸಾಲ್ಮೋನಿಸ್. ಬೆಳೆದ ಹೆಣ್ಣು ಸುಮಾರು ಒಂದು ಸೆಂಟಿಮೀಟರ್ ಉದ್ದ ಇರುತ್ತದೆ. ಅದರ ಹಿಂಬದಿಯಲ್ಲಿ ದಾರದಂತೆ ಎರಡು ಮೊಟ್ಟೆಸರಗಳು ಜೋತಾಡುತ್ತವೆ, ಒಂದೊಂದರಲ್ಲೂ ನೂರಾರು ಮೊಟ್ಟೆ. ಒಂದು ಜೊತೆ ಸರ ಒಡೆದು ಮರಿ ಹೊರಬಿದ್ದ ಮೇಲೆ ಇನ್ನೊಂದು ಜೊತೆ ಮೂಡುತ್ತದೆ. ಮರಿಗಳು ಮೊದಲ ಎರಡು ಹಂತಗಳಲ್ಲಿ ನೀರಿನಲ್ಲಿ ತೇಲುತ್ತಿರುತ್ತವೆ, ಏನನ್ನೂ ತಿನ್ನುವುದಿಲ್ಲ. ಹುಟ್ಟುವಾಗ ಕಟ್ಟಿಕೊಂಡು ಬಂದ ಬುತ್ತಿಯೇ ಅವಕ್ಕೆ ಆಧಾರ. ಮೂರನೆಯ ಹಂತಕ್ಕೆ ಬಂದ ಮರಿ ಇನ್ನೂ ಒಂದು ಮಿಲಿಮೀಟರಿಗಿಂತ ಚಿಕ್ಕದು, ಆದರೆ ಬುತ್ತಿ ಮುಗಿಯುವುದರೊಳಗೆ ಅದಕ್ಕೊಂದು ಮೀನು ಸಿಗಲೇಬೇಕು. ಸಿಕ್ಕರೆ ಕೊಕ್ಕೆಯಂತಹ ಅಂಗಗಳಿಂದ ಚರ್ಮವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಪೊರೆ ಕಳಚಿ, ತಲೆಯ ಮುಂಭಾಗದಿಂದ ಹೊರಟ ಎಳೆಯೊಂದನ್ನು ಚರ್ಮಕ್ಕೆ ನಾಟಿ ಲಂಗರು ಹಾಕುತ್ತದೆ. ಲಂಗರು ಹಾಕಿದ ಹೇನು ಕದಲುವಂತಿಲ್ಲ, ಸುತ್ತ ಬಾಯಿಗೆ ಎಟುಕಿದಷ್ಟು ಚರ್ಮವೇ ಅದರ ಊಟ. ಇನ್ನೂ ಬೆಳೆದ ಮೇಲೆ ಲಂಗರು ಕಿತ್ತು ಮೀನಿನ ಮೈಯೆಲ್ಲ ಓಡಾಡುವ ಕಾಲ ಬರುತ್ತದೆ. ಒಟ್ಟು ಎಂಟು ಹಂತ, 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು ಒಂದೂವರೆ ತಿಂಗಳ ಪಯಣ. ಹತ್ತು ಹಂತ ಎಂದೇ ಬಹುಕಾಲ ಪುಸ್ತಕಗಳಲ್ಲಿತ್ತು, 2013ರಲ್ಲಿ ಅದು ಎಂಟು ಎಂದು ತಿದ್ದುಪಡಿಯಾಯಿತು.

ನಿಜವಾದ ಅನಾಹುತ ಆಗುವುದು ಓಡಾಡುವ ಹೇನುಗಳಿಂದ. ಅವು ಲೋಳೆ, ಚರ್ಮ, ರಕ್ತ ಎಲ್ಲವನ್ನೂ ತಿನ್ನುತ್ತವೆ. ತಲೆಯ ಮೇಲಿನ ಚರ್ಮ ಸವೆದು ಬೆಳ್ಳಗಾದ ಮೀನುಗಳನ್ನು ಕಂಡವರಿಗೆ ಆ ನೋವು ಗೊತ್ತಾಗುತ್ತದೆ. ಕಡಲ ಮೀನಿನ ದೇಹಕ್ಕಿಂತ ಸುತ್ತಲಿನ ನೀರು ಹೆಚ್ಚು ಉಪ್ಪು. ಚರ್ಮ ಹರಿದ ಕಡೆಯಿಂದ ದೇಹದ ನೀರು ಹೊರಗೆ ಸೋರುತ್ತದೆ, ಉಪ್ಪು ಒಳಗೆ ನುಗ್ಗುತ್ತದೆ. ನೀರಿನ ನಡುವೆಯೇ ಇದ್ದು ಮೀನು ನೀರಿಲ್ಲದೆ ಬಳಲುತ್ತದೆ. ಸಾಲ್ಮನ್ ನದಿಯಲ್ಲಿ ಹುಟ್ಟಿ ಕಡಲಿನಲ್ಲಿ ಬೆಳೆಯುವ ಮೀನು. ನದಿಯಿಂದ ಆಗಷ್ಟೇ ಕಡಲಿಗೆ ಇಳಿದ ಎಳೆಯ ಸಾಲ್ಮನ್ ಒಂದನ್ನು ಕೊಲ್ಲಲು ಇಂತಹ ಹತ್ತು ಹನ್ನೆರಡು ಹೇನು ಸಾಕು.

ಈಗ ಚರ್ಮದ ವಿಚಾರ. 1992ರಲ್ಲಿ ಕೆನಡಾದ ಸಂಶೋಧಕರಾದ ಜಾನ್ಸನ್ ಮತ್ತು ಆಲ್‌ಬ್ರೈಟ್ ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯದಲ್ಲಿ ಇಂದಿಗೂ ಅಡಿಪಾಯದಂತಿದೆ. ಅವರು ಅದುವರೆಗೆ ಹೇನನ್ನೇ ಕಾಣದ ಮೂರು ಜಾತಿಯ ಮೀನುಗಳನ್ನು ತೆಗೆದುಕೊಂಡರು: ಅಟ್ಲಾಂಟಿಕ್ ಸಾಲ್ಮನ್, ಚಿನೂಕ್ ಸಾಲ್ಮನ್, ಕೋಹೋ ಸಾಲ್ಮನ್. ಮೂರಕ್ಕೂ ಹೇನಿನ ಮರಿಗಳನ್ನು ಬಿಟ್ಟರು, ಮೂರರ ಮೇಲೂ ಮರಿಗಳು ಕೂತವು. ಅಟ್ಲಾಂಟಿಕ್ ಸಾಲ್ಮನ್ ಮೇಲೆ ಕೂತವು ಸಲೀಸಾಗಿ ಬೆಳೆದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೇನು ಕಚ್ಚಿದ ಜಾಗದಲ್ಲಿ ಚರ್ಮ ಹರಿದಿತ್ತು, ಆದರೆ ದೇಹದ ಕಡೆಯಿಂದ ಪ್ರತಿಭಟನೆ ಎಂಬುದೇ ಹೆಚ್ಚುಕಡಿಮೆ ಇರಲಿಲ್ಲ. ಕೋಹೋ ಮೀನಿನ ಕತೆಯೇ ಬೇರೆ. ಹೇನು ಕೂತ ಒಂದೇ ದಿನದಲ್ಲಿ ಅಲ್ಲಿಗೆ ಬಿಳಿ ರಕ್ತಕಣಗಳು ಧಾವಿಸಿದ್ದವು. ಸುತ್ತಲಿನ ಚರ್ಮದ ಜೀವಕೋಶಗಳು ಭರಭರನೆ ಹೆಚ್ಚಿ ಚರ್ಮ ದಪ್ಪಗಾಯಿತು, ಉಬ್ಬಿತು, ಕೆಲವೆಡೆ ಹೇನಿನ ಮೇಲೆ ಏರಿ ಅದನ್ನೇ ಮುಚ್ಚಿತು. ಹತ್ತರಿಂದ ಇಪ್ಪತ್ತು ದಿನಗಳಲ್ಲಿ ಬಹುಪಾಲು ಹೇನುಗಳು ಕೋಹೋ ಮೈಯಿಂದ ಕಾಣೆಯಾದವು. ಚಿನೂಕ್ ಇವೆರಡರ ನಡುವೆ ನಿಂತಿತು.

ಅಂಗಾಲಿಗೆ ಮುಳ್ಳು ಮುರಿದು ಒಳಗೇ ಉಳಿದರೆ ಏನಾಗುತ್ತದೆ? ಸುತ್ತ ಕೆಂಪಾಗಿ ಊದಿಕೊಳ್ಳುತ್ತದೆ, ಕೀವು ಕಟ್ಟುತ್ತದೆ, ಕೊನೆಗೆ ಮುಳ್ಳು ತಾನಾಗಿ ಹೊರಬರುತ್ತದೆ. ಕೋಹೋ ಮಾಡುವುದು ಬಹುಮಟ್ಟಿಗೆ ಇದನ್ನೇ. ಅಟ್ಲಾಂಟಿಕ್ ಸಾಲ್ಮನ್ ಚರ್ಮಕ್ಕೆ ಮುಳ್ಳು ಚುಚ್ಚಿದ್ದೇ ತಿಳಿಯದಂತಿರುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಪ್ರಯೋಗದ ಮೀನುಗಳು ಹಿಂದೆಂದೂ ಹೇನನ್ನು ಕಂಡಿರಲಿಲ್ಲ. ಅಂದರೆ ಕೋಹೋ ಮೀನಿನ ಈ ಗುಣ ಒಮ್ಮೆ ಕಾಯಿಲೆ ಬಂದು ಹೋದ ಮೇಲೆ ದೇಹ ಕಲಿತುಕೊಳ್ಳುವ ಬಗೆಯದಲ್ಲ, ಹುಟ್ಟಿನಿಂದಲೇ ಬಂದದ್ದು. ಹಾಗೆಯೇ ಇದು ಒಟ್ಟಾರೆ ಆರೋಗ್ಯದ ಪ್ರಶ್ನೆಯೂ ಅಲ್ಲ. "ಮೀನು ಬಲವಾಗಿದ್ದರೆ ಹೇನು ಹತ್ತುವುದಿಲ್ಲ" ಎಂದು ಹೇಳುವವರಿದ್ದಾರೆ, ನನಗೆ ಆ ಮಾತು ಒಪ್ಪಿಗೆಯಿಲ್ಲ. ಚೆನ್ನಾಗಿ ಉಂಡು, ಕೊಬ್ಬಿ, ಯಾವ ಕಾಯಿಲೆಯೂ ಇಲ್ಲದ ಅಟ್ಲಾಂಟಿಕ್ ಸಾಲ್ಮನ್‌ಗೂ ಹೇನು ಮುತ್ತುತ್ತದೆ. ಹೇನಿಗೆ ಪ್ರತಿಯಾಗಿ ಚರ್ಮ ಏಳುತ್ತದೋ ಇಲ್ಲವೋ ಎನ್ನುವುದು ಬೇರೆಯದೇ ಸಂಗತಿ.

ಅಟ್ಲಾಂಟಿಕ್ ಸಾಲ್ಮನ್ ಚರ್ಮ ಯಾಕೆ ಸುಮ್ಮನಿರುತ್ತದೆ? ಅದರಲ್ಲಿ ಹೇನಿನ ಕೈವಾಡವೂ ಇದೆ. ಹೇನು ಕಚ್ಚುವಾಗ ಬರಿದೇ ಕಚ್ಚುವುದಿಲ್ಲ, ಗಾಯದೊಳಗೆ ಕೆಲವು ರಸಗಳನ್ನು ಬಿಡುತ್ತದೆ. ಅವುಗಳಲ್ಲಿ ಟ್ರಿಪ್ಸಿನ್‌ನಂತಹ, ಪ್ರೋಟೀನು ಕರಗಿಸುವ ಕಿಣ್ವಗಳಿವೆ. ಪ್ರೋಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕವೂ ಇದೆ. ಮೀನಿನ ರಕ್ಷಣಾ ಕಣಗಳ ಸದ್ದಡಗಿಸುವ ಗುಣ ಇದಕ್ಕಿದೆ. ಮನೆಗೆ ನುಗ್ಗುವ ಮೊದಲು ನಾಯಿಗೆ ರೊಟ್ಟಿ ಎಸೆದು ಸುಮ್ಮನಾಗಿಸುವ ಕಳ್ಳನ ಹಾಗೆ. ಇನ್ನೂ ಕುತೂಹಲದ ವಿಷಯ ಎಂದರೆ ಹೇನು ಈ ರಸವನ್ನು ಎಲ್ಲ ಮೀನಿನ ಮೇಲೂ ಒಂದೇ ಸಮನೆ ಸುರಿಸುವುದಿಲ್ಲ. ಹೇನುಗಳನ್ನು ಬೇರೆ ಬೇರೆ ಜಾತಿಯ ಮೀನಿನ ಲೋಳೆಯಲ್ಲಿಟ್ಟು ನೋಡಿದಾಗ, ಅಟ್ಲಾಂಟಿಕ್ ಸಾಲ್ಮನ್ ಮತ್ತು ರೇನ್‌ಬೋ ಟ್ರೌಟ್ ಲೋಳೆಯಲ್ಲಿ ಅವು ಕಿಣ್ವಗಳನ್ನು ಧಾರಾಳವಾಗಿ ಬಿಟ್ಟವು, ಕೋಹೋ ಲೋಳೆಯಲ್ಲಿ ಅಷ್ಟು ಬಿಡಲಿಲ್ಲ. ಇದು ತನಗೆ ಒಗ್ಗುವ ಮೀನು ಎಂಬ ಸುಳಿವು ಹೇನಿಗೆ ಲೋಳೆಯಿಂದಲೇ ಸಿಗುತ್ತದೆ ಎಂದಾಯಿತು. ಹಾಗಾಗಿ ಕೋಹೋ ಗೆಲ್ಲುವುದಕ್ಕೆ ಎರಡು ಕಾರಣ: ಅದರ ಚರ್ಮ ಬೇಗ ಎಚ್ಚರಗೊಳ್ಳುತ್ತದೆ, ಹೇನಿನ ಮತ್ತಿನ ಮದ್ದು ಅಲ್ಲಿ ಕಡಿಮೆ ಸುರಿಯುತ್ತದೆ.

ಚರ್ಮದ ಈ ಊತವೇ ಹೇನನ್ನು ಓಡಿಸುತ್ತದೆ ಎನ್ನುವುದಕ್ಕೆ ಪುರಾವೆ ಏನು? ಅದೇ ಇಬ್ಬರು ಸಂಶೋಧಕರು ಇದನ್ನೂ ಪರೀಕ್ಷಿಸಿದರು. ಕೋಹೋ ಮೀನುಗಳ ದೇಹದೊಳಗೆ ಕಾರ್ಟಿಸಾಲ್ ಹಾರ್ಮೋನನ್ನು ಇಟ್ಟರು. ಮನುಷ್ಯರಲ್ಲೂ ಮೀನಿನಲ್ಲೂ ಒತ್ತಡದ ಸಮಯದಲ್ಲಿ ಏರುವ ಹಾರ್ಮೋನು ಅದು, ಊತವನ್ನು ತಗ್ಗಿಸುತ್ತದೆ. ಕಾರ್ಟಿಸಾಲ್ ಏರಿದ ಕೋಹೋಗಳ ಚರ್ಮ ಉಬ್ಬಲಿಲ್ಲ, ಹೇನುಗಳು ಅಲ್ಲಿ ಉಳಿದುಕೊಂಡವು. ಊತವನ್ನು ತೆಗೆದರೆ ಕೋಹೋ ಕೂಡ ಹೇನಿಗೆ ಸುಲಭದ ತುತ್ತು ಎಂದು ಇದರಿಂದ ಸಾಬೀತಾಯಿತು. ಸಾಕಣೆ ಮಾಡುವವರಿಗೆ ಇದರಲ್ಲಿ ದೊಡ್ಡ ಎಚ್ಚರಿಕೆ ಇದೆ. ಮೀನುಗಳನ್ನು ಇಕ್ಕಟ್ಟಾಗಿ ತುಂಬುವುದು, ಪದೇ ಪದೇ ಪಂಪು ಹಚ್ಚಿ ಎತ್ತುವುದು, ಬಿಸಿನೀರಿನ ಚಿಕಿತ್ಸೆ ಕೊಡುವುದು ಇವೆಲ್ಲ ಮೀನಿಗೆ ಒತ್ತಡ. ಹೇನು ತೆಗೆಯಲೆಂದು ಮಾಡುವ ಕೆಲಸವೇ ಮೀನಿನ ಸ್ವಂತ ತಡೆಯನ್ನು ತಗ್ಗಿಸಬಲ್ಲದು.

ಉಳಿದ ಜಾತಿಗಳನ್ನು ಎಲ್ಲಿ ನಿಲ್ಲಿಸಬೇಕು? ಕೋಹೋ ಒಂದು ತುದಿಯಲ್ಲಿದ್ದರೆ ಅಟ್ಲಾಂಟಿಕ್ ಸಾಲ್ಮನ್ ಮತ್ತು ಅದರ ಹತ್ತಿರದ ನೆಂಟ ಸೀ ಟ್ರೌಟ್ ಇನ್ನೊಂದು ತುದಿಯಲ್ಲಿವೆ. ಆರ್ಕ್‌ಟಿಕ್ ಚಾರ್ ಕೂಡ ಆ ಕಡೆಗೇ. ಸಾಕಣೆಯಲ್ಲಿ ಹೆಚ್ಚಾಗಿ ಕಾಣುವ ರೇನ್‌ಬೋ ಟ್ರೌಟ್ ಸಹ ಹೇನಿಗೆ ಒಗ್ಗುವ ಮೀನೇ. ಸೀ ಟ್ರೌಟ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮೈತುಂಬ ಹೇನು ಹತ್ತಿದ ಎಳೆಯ ಸೀ ಟ್ರೌಟ್ ಕಡಲಿಗಿಳಿದ ಕೆಲವೇ ವಾರಗಳಲ್ಲಿ ಅವಧಿಗೆ ಮುಂಚೆಯೇ ಸಿಹಿನೀರಿಗೆ ಮರಳುತ್ತದೆ. ಸಾಲ್ಮನ್ ಹೇನಿಗೆ ಸಿಹಿನೀರು ಆಗಿಬರುವುದಿಲ್ಲ. ಚರ್ಮ ಮಾಡಲಾರದ ಕೆಲಸವನ್ನು ಮೀನು ನಡೆಯಿಂದ ಮಾಡಿಕೊಳ್ಳುತ್ತದೆ. ಆದರೆ ಕಡಲಲ್ಲಿ ಉಂಡು ಬೆಳೆಯಬೇಕಿದ್ದ ದಿನಗಳು ಕೈತಪ್ಪುತ್ತವೆ. ಕಡಲಿನಲ್ಲಿ ಇಳಿಬಿಟ್ಟ ಬಲೆಯ ಪಂಜರದಲ್ಲಿ ಸಾಕುವ ಮೀನಿಗೆ ಆ ದಾರಿಯೂ ಇಲ್ಲ.

ಪೆಸಿಫಿಕ್ ಸಾಗರದ ಸಾಲ್ಮನ್‌ಗಳೆಲ್ಲ ಗಟ್ಟಿ, ಅಟ್ಲಾಂಟಿಕ್‌ನವು ಮೆತ್ತಗೆ ಎಂದು ಬರೆದದ್ದನ್ನು ಅಲ್ಲಲ್ಲಿ ನೋಡಬಹುದು. ಕೋಹೋ ಮತ್ತು ಪಿಂಕ್ ಸಾಲ್ಮನ್‌ಗಳಿಗೆ ಹೇನನ್ನು ಕೊಡವುವ ಶಕ್ತಿ ಇದೆ, ನಿಜ. ಆದರೆ ಅದೇ ಕಡಲಿನ ಸಾಕೈ ಸಾಲ್ಮನ್ ಹೇನಿನ ಮುಂದೆ ಬಹುಮಟ್ಟಿಗೆ ಅಟ್ಲಾಂಟಿಕ್ ಸಾಲ್ಮನ್‌ನಂತೆಯೇ ಸೋಲುತ್ತದೆ, ಚಮ್ ಸಾಲ್ಮನ್ ಕೂಡ ಪಿಂಕ್‌ನಷ್ಟು ಬೇಗ ಹೇನನ್ನು ಉದುರಿಸಲಾರದು. ಇವೆಲ್ಲ ಒಂದೇ ಕುಲದ ಮೀನುಗಳು, ಒಂದೇ ಕಡಲಿನಲ್ಲಿ ಒಂದೇ ಹೇನಿನೊಂದಿಗೆ ಬಹುಕಾಲ ಬದುಕಿದವು. ಕಡಲು ಒಂದಾದ ಮಾತ್ರಕ್ಕೆ ಗುಣ ಒಂದಾಗಲಿಲ್ಲ.

ಪಿಂಕ್ ಸಾಲ್ಮನ್ ಇನ್ನೊಂದು ಪಾಠ ಕಲಿಸುತ್ತದೆ. ಅದರ ಮರಿ ನದಿಯಲ್ಲಿ ಹುಟ್ಟಿ ಬಹಳ ಎಳೆಯದರಲ್ಲೇ, ಕಾಲು ಗ್ರಾಂ ಆಸುಪಾಸಿನ ತೂಕದಲ್ಲಿ, ಕಡಲಿಗೆ ಬರುತ್ತದೆ. ಆಗ ಅದಕ್ಕೆ ಹುರುಪೆಯೂ ಮೂಡಿರುವುದಿಲ್ಲ. ಸುಮಾರು 0.7 ಗ್ರಾಂ ತೂಕ ದಾಟುವವರೆಗೆ ಒಂದೇ ಒಂದು ಹೇನು ಕೂಡ ಅದರ ಜೀವಕ್ಕೆ ಕುತ್ತು ತರಬಹುದು. ಆ ಗೆರೆ ದಾಟಿದ ಮೇಲೆ ಚರ್ಮ ಬಲಿಯುತ್ತದೆ, ರಕ್ಷಣಾ ವ್ಯವಸ್ಥೆ ಚುರುಕಾಗುತ್ತದೆ, ಅದೇ ಮೀನು ಹೇನನ್ನು ಕೆಲವೇ ದಿನಗಳಲ್ಲಿ ಉದುರಿಸುವಂತಾಗುತ್ತದೆ. ಕೆನಡಾದ ಪಶ್ಚಿಮ ತೀರದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ಬ್ರೌಟನ್ ದ್ವೀಪಸಮೂಹದಲ್ಲಿ ಸಾಕಣೆಯ ಪಂಜರಗಳಿಂದ ಹೊರಡುವ ಹೇನುಗಳ ಬಗ್ಗೆ ವರ್ಷಗಟ್ಟಲೆ ವಾದ ನಡೆದದ್ದು ಈ ಮರಿಗಳ ಕಾರಣಕ್ಕೇ. "ಪಿಂಕ್ ಸಾಲ್ಮನ್ ಹೇನಿಗೆ ಗಟ್ಟಿ" ಎಂಬ ಒಂದು ಸಾಲಿನ ಉತ್ತರ ಆ ವಾದದಲ್ಲಿ ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲ. ಯಾವ ವಯಸ್ಸಿನ, ಎಷ್ಟು ತೂಕದ ಮೀನು ಎಂದು ಕೇಳಲೇಬೇಕು. ಪಿಂಕ್ ಸಾಲ್ಮನ್‌ನಲ್ಲಿ ಊತವಲ್ಲದೆ ಇನ್ನೊಂದು ಉಪಾಯದ ಕುರುಹೂ ಕಂಡಿದೆ. ಹೇನು ಹತ್ತಿದಾಗ ಅದು ಕಬ್ಬಿಣದ ಅಂಶಕ್ಕೆ ಸಂಬಂಧಿಸಿದ ಜೀನ್‌ಗಳ ಕೆಲಸವನ್ನು ಬದಲಿಸುತ್ತದೆ. ರಕ್ತ ಕುಡಿಯುವ ಜೀವಿಗೆ ಕಬ್ಬಿಣ ಸಿಗದಂತೆ ಮಾಡಿ ಹಸಿವಿನಿಂದ ಸೋಲಿಸುವ ತಂತ್ರ ಇದಿರಬಹುದು ಎಂಬುದು ಸಂಶೋಧಕರ ವಿವರಣೆ.

ತಡೆಯುವುದು ಬೇರೆ, ತಾಳುವುದು ಬೇರೆ. ಮೈಮೇಲೆ ಹೇನೇ ಉಳಿಯದಂತೆ ಮಾಡುವುದು ತಡೆ. ಹೇನಿದ್ದರೂ ಉಂಡು ತಿರುಗಾಡಿಕೊಂಡಿರುವುದು ತಾಳಿಕೆ. ಹೇನನ್ನು ತಾಳಿಕೊಳ್ಳುವ ಮೀನು ಪಂಜರದ ಒಡೆಯನಿಗೆ ಅಂದಿನ ನಷ್ಟ ತಪ್ಪಿಸಬಹುದು. ಆದರೆ ಅದರ ಮೈಮೇಲಿನ ತಾಯಿಹೇನುಗಳು ಮೊಟ್ಟೆ ಇಡುತ್ತಲೇ ಇರುತ್ತವೆ, ಅಕ್ಕಪಕ್ಕದ ಮೀನುಗಳಿಗೆ ಅದು ಹೇನಿನ ಕಾರ್ಖಾನೆಯಾಗುತ್ತದೆ. ಸಾಕಣೆಗೆ ಬೇಕಾದದ್ದು ತಡೆ.

ದಕ್ಷಿಣ ಗೋಳಾರ್ಧಕ್ಕೆ ಹೋದರೆ ಹೇನೇ ಬೇರೆ. ಚಿಲಿಯಲ್ಲಿ ಸಾಲ್ಮನ್ ಸಾಕಣೆಯನ್ನು ಕಾಡುವುದು ಕ್ಯಾಲಿಗಸ್ ರೋಜರ್‌ಕ್ರೆಸ್ಸೆಯಿ. ಅದನ್ನು ಹೊಸ ಜಾತಿ ಎಂದು ಗುರುತಿಸಿ ಹೆಸರಿಟ್ಟದ್ದು 2000ದಲ್ಲಿ. ಅಲ್ಲಿನ ಕಡಲ ಮೀನುಗಳ ಮೇಲೆ ಬದುಕುತ್ತಿದ್ದ ಈ ಹೇನು, ಹೊರಗಿನಿಂದ ತಂದು ಸಾಕಿದ ಅಟ್ಲಾಂಟಿಕ್ ಸಾಲ್ಮನ್ ಮತ್ತು ರೇನ್‌ಬೋ ಟ್ರೌಟ್‌ಗಳ ಮೇಲೆ ಹಬ್ಬವನ್ನೇ ಮಾಡಿತು. ಪಕ್ಕದ ಪಂಜರದ ಕೋಹೋ ಮಾತ್ರ ಇದಕ್ಕೂ ಮಣಿಯಲಿಲ್ಲ. ನನಗೆ ಇದು ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಕೋಹೋ ವಂಶ ಈ ಹೇನನ್ನು ಹಿಂದೆಂದೂ ಕಂಡದ್ದಲ್ಲ, ಸಾಲ್ಮನ್‌ಗಳು ದಕ್ಷಿಣ ಗೋಳಾರ್ಧದ ಮೂಲ ನಿವಾಸಿಗಳೇ ಅಲ್ಲ. ಹಾಗಿದ್ದೂ ಅದು ತಡೆಯಿತು ಎಂದರೆ, ಅದರ ಚರ್ಮದ ಎಚ್ಚರ ಯಾವುದೋ ಒಂದು ಹೇನಿಗಾಗಿ ಹೊಲಿಸಿಟ್ಟ ಅಂಗಿಯಲ್ಲ. ಚರ್ಮವನ್ನು ಕಚ್ಚಿ ಹಿಡಿಯುವ ಇಂತಹ ಪರಾವಲಂಬಿಗಳಿಗೆಲ್ಲ ಒದಗುವ ಗುಣ ಅದು.

ನ್ಯೂಜಿಲೆಂಡಿನಲ್ಲಿ ಸಾಕುವುದು ಚಿನೂಕ್ ಸಾಲ್ಮನ್. ಅಲ್ಲಿ ಹೇನಿನ ಕಾಟ ಇಲ್ಲ ಎನ್ನುವುದನ್ನು ಚಿನೂಕ್ ಮೀನಿನ ಹೆಚ್ಚುಗಾರಿಕೆ ಎಂದು ತಿಳಿಯಬಾರದು. ಉತ್ತರದ ಸಾಲ್ಮನ್ ಹೇನು ಆ ಕಡಲಿನಲ್ಲಿ ಇಲ್ಲವೇ ಇಲ್ಲ.

ಸಿಹಿನೀರಿನ ಕೊಳಗಳಲ್ಲಿ ಮೀನು ಸಾಕುವವರು ಹೇನು ಎಂದಾಗ ಬೇರೆಯದನ್ನೇ ಹೇಳುತ್ತಿರುತ್ತಾರೆ. ಅದು ಆರ್ಗುಲಸ್. ಬಿಲ್ಲೆಯಂತೆ ಚಪ್ಪಟೆಯಾದ ಮೈ, ಅಂಟಿಕೊಳ್ಳಲು ಎರಡು ಬಟ್ಟಲು, ಚುಚ್ಚಲು ಸೂಜಿಯಂತಹ ಬಾಯಿ. ಇದು ಒಂದೇ ಕಡೆ ಲಂಗರು ಹಾಕುವುದಿಲ್ಲ, ಒಂದು ಮೀನನ್ನು ಬಿಟ್ಟು ಈಜಿ ಇನ್ನೊಂದಕ್ಕೆ ಹೋಗುತ್ತದೆ, ಮೊಟ್ಟೆಗಳನ್ನು ಮೀನಿನ ಮೇಲಲ್ಲ, ಕಲ್ಲು ಕಡ್ಡಿಗಳಿಗೆ ಅಂಟಿಸುತ್ತದೆ. ಕಾರ್ಪ್ ಸಾಕಣೆಯಲ್ಲಿ ರೋಹು ಇದರಿಂದ ಹೆಚ್ಚು ನಲುಗುವ ಮೀನು. ಆದರೆ ಕೋಹೋ ಮೀನಿನ ಲೆಕ್ಕವನ್ನು ಇಲ್ಲಿಗೆ ತಂದು ಕೂಡಿಸುವಂತಿಲ್ಲ. ನಿಧಾನವಾಗಿ ಉಬ್ಬುವ ಚರ್ಮ, ಕೂತಲ್ಲೇ ಕೂರುವ ಹೇನನ್ನು ಹಿಡಿಯಬಹುದು. ಇಂದು ಇಲ್ಲಿ ಚುಚ್ಚಿ ನಾಳೆ ಬೇರೆ ಮೀನಿಗೆ ಹಾರುವ ಹೇನನ್ನು ಹಿಡಿಯುವುದು ಕಷ್ಟ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕೋಹೋವನ್ನೇ ಸಾಕಬಾರದೇಕೆ? ಸಾಕುತ್ತಿದ್ದಾರೆ, ಮುಖ್ಯವಾಗಿ ಚಿಲಿಯಲ್ಲಿ, ಜಪಾನಿನಲ್ಲೂ. ಆದರೆ ಒಂದು ಶತ್ರುವಿಗೆ ಗಟ್ಟಿ ಎಂದರೆ ಎಲ್ಲ ಶತ್ರುಗಳಿಗೂ ಗಟ್ಟಿ ಎಂದಲ್ಲ. ಚಿಲಿಯ ಸಾಕಣೆಗೆ ಅಪಾರ ನಷ್ಟ ತಂದ ಪಿಸಿರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾದ ಕಾಯಿಲೆ 1989ರಲ್ಲಿ ಮೊದಲು ಕಂಡುಬಂದದ್ದು ಇದೇ ಕೋಹೋ ಮೀನುಗಳಲ್ಲಿ. ಇನ್ನೊಂದು ಕಡೆ, ಅಟ್ಲಾಂಟಿಕ್ ಸಾಲ್ಮನ್ ಹಿಂದೆ 1970ರ ದಶಕದಿಂದ ನಡೆದುಬಂದ ತಳಿ ಆಯ್ಕೆಯ ದುಡಿಮೆ ಇದೆ. ಬೇಗ ಬೆಳೆಯುವ, ಪಂಜರಕ್ಕೆ ಒಗ್ಗಿದ ಮೀನನ್ನು ತಲೆಮಾರುಗಳ ಕಾಲ ಆರಿಸಿ ಕಟ್ಟಿದ್ದನ್ನು ರಾತ್ರೋರಾತ್ರಿ ಬದಲಿಸಲಾಗದು. ಎಲ್ಲಕ್ಕಿಂತ ದೊಡ್ಡ ಆತಂಕ, ಪಂಜರ ಹರಿದರೆ ಮೀನು ಹೊರಗೆ ಹೋಗುತ್ತದೆ ಎನ್ನುವುದು. ಉತ್ತರ ಅಟ್ಲಾಂಟಿಕ್‌ಗೆ ಕೋಹೋ ಪರಕೀಯ ಮೀನು. ರಷ್ಯಾದ ಉತ್ತರ ತೀರದ ನದಿಗಳಿಗೆ ತಂದು ಬಿಟ್ಟ ಪಿಂಕ್ ಸಾಲ್ಮನ್ ಏನಾಯಿತು ಎಂದು ನಾರ್ವೆಯವರನ್ನು ಕೇಳಬೇಕು. 2017ರಿಂದೀಚೆಗೆ ಪ್ರತಿ ಬೆಸ ವರ್ಷದಲ್ಲೂ ಅವು ಹಿಂಡುಹಿಂಡಾಗಿ ನಾರ್ವೆಯ ನದಿಗಳಿಗೆ ಏರಿ ಬರುತ್ತಿವೆ, ಅಲ್ಲಿನ ಜನ ನದಿಗೆ ಅಡ್ಡಗಟ್ಟಿ ಅವನ್ನು ಹಿಡಿಯುತ್ತಿದ್ದಾರೆ. ಹೇನಿನ ಕಾಟ ನೀಗಲೆಂದು ಇನ್ನೊಂದು ಪರಕೀಯ ಮೀನನ್ನು ಆ ಕಡಲಿಗೆ ಕರೆಯುವುದನ್ನು ನಾನಂತೂ ಸರಿ ಎನ್ನಲಾರೆ.

ಹಾಗಾಗಿ ಜಾತಿಯನ್ನು ಬದಲಿಸುವ ಬದಲು, ಇರುವ ಜಾತಿಯ ಒಳಗಿನ ವ್ಯತ್ಯಾಸವನ್ನು ಬಳಸುವ ಪ್ರಯತ್ನ ನಡೆದಿದೆ. ಅಟ್ಲಾಂಟಿಕ್ ಸಾಲ್ಮನ್‌ಗಳೆಲ್ಲ ಒಂದೇ ಅಚ್ಚಿನವಲ್ಲ. ಒಂದೇ ತೊಟ್ಟಿಯಲ್ಲಿ ಒಂದೇ ಬಗೆಯಲ್ಲಿ ಹೇನು ಬಿಟ್ಟರೂ ಕೆಲವು ಕುಟುಂಬದ ಮೀನುಗಳ ಮೇಲೆ ಕಡಿಮೆ ಹೇನು ನಿಲ್ಲುತ್ತದೆ. ಈ ವ್ಯತ್ಯಾಸದಲ್ಲಿ ಶೇಕಡ 10ರಿಂದ 30ರಷ್ಟು ವಂಶದಿಂದ ಬಂದದ್ದು ಎಂದು ಬಹುತೇಕ ಅಧ್ಯಯನಗಳು ಅಂದಾಜಿಸಿವೆ. ಅಂತಹ ಮೀನುಗಳನ್ನು ಆರಿಸಿ ಮರಿ ಮಾಡಿಸಿದರೆ ತಲೆಮಾರಿನಿಂದ ತಲೆಮಾರಿಗೆ ತಡೆ ಏರಬೇಕು. ನಿಧಾನದ ಕೆಲಸ, ಏಕೆಂದರೆ ಸಾಲ್ಮನ್ ಒಂದು ತಲೆಮಾರಿಗೆ ಮೂರು ನಾಲ್ಕು ವರ್ಷ ಬೇಕು. ಅದರ ಜೊತೆಗೆ ನಾರ್ವೆಯ ನೋಫಿಮಾ ಸಂಸ್ಥೆ ಮತ್ತು ಬೇರೆ ದೇಶಗಳ ಸಹೋದ್ಯೋಗಿಗಳು ಕೋಹೋ ಚರ್ಮದಲ್ಲಿ ಹೇನು ಕೂತ ಕೂಡಲೇ ಯಾವ ಜೀನ್‌ಗಳು ಎಚ್ಚರಗೊಳ್ಳುತ್ತವೆ, ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಅವೇ ಜೀನ್‌ಗಳು ಏನು ಮಾಡುತ್ತಿರುತ್ತವೆ ಎಂದು ಹೋಲಿಸಿ ನೋಡುತ್ತಿದ್ದಾರೆ. ಕ್ರಿಸ್ಪರ್ ತಂತ್ರದಿಂದ ಆ ಜೀನ್‌ಗಳನ್ನು ತಿದ್ದಿದರೆ ಅಟ್ಲಾಂಟಿಕ್ ಸಾಲ್ಮನ್ ಚರ್ಮವೂ ಕೋಹೋನಂತೆ ಏಳುತ್ತದೆಯೇ ಎಂಬುದು ಅವರ ಹುಡುಕಾಟ.

ತಳಿ ಆಯ್ಕೆಯಿಂದ ಬರುವ ಸಣ್ಣ ಸುಧಾರಣೆಯಿಂದ ಏನು ಲಾಭ ಎಂದು ಅನ್ನಿಸಬಹುದು. ಒಂದು ಲೆಕ್ಕ ನೋಡಿ. ನಾರ್ವೆಯಲ್ಲಿ ಒಂದು ಪಂಜರದಲ್ಲಿ ಗರಿಷ್ಠ 2,00,000 ಮೀನು ಇರಬಹುದು. ಮೀನೊಂದಕ್ಕೆ ಸರಾಸರಿ 0.5 ಬೆಳೆದ ಹೆಣ್ಣು ಹೇನಿಗಿಂತ ಹೆಚ್ಚಿರಬಾರದು, ಕಾಡುಸಾಲ್ಮನ್ ಮರಿಗಳು ಕಡಲಿಗಿಳಿಯುವ ವಸಂತದ ವಾರಗಳಲ್ಲಿ 0.2 ಮೀರಬಾರದು ಎಂಬುದು ಅಲ್ಲಿನ ನಿಯಮ. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಪಂಜರದಲ್ಲೂ ಉಳಿದ ದಿನಗಳಲ್ಲಿ 1,00,000 ತಾಯಿಹೇನು ಇರಬಹುದು. ಒಂದೊಂದೂ ನೂರಾರು ಮೊಟ್ಟೆಗಳ ಎರಡೆರಡು ಸರ ಹೊತ್ತಿರುತ್ತದೆ. ಈಗ ಮೀನಿನ ತಡೆ ಸ್ವಲ್ಪ ಏರಿ, ಮೊದಲಾದರೆ ಬದುಕಿ ಬೆಳೆಯುತ್ತಿದ್ದ ಹತ್ತು ಮರಿಗಳಲ್ಲಿ ಎರಡು ಈಗ ಉದುರಿದವು ಎಂದುಕೊಳ್ಳಿ. ಮುಂದಿನ ಸುತ್ತಿಗೆ ಮೊಟ್ಟೆ ಇಡುವ ತಾಯಂದಿರು ಐದರಲ್ಲಿ ಒಂದು ಪಾಲು ಕಡಿಮೆ. ಅವುಗಳಿಂದ ಹುಟ್ಟುವ ಮರಿಗಳಲ್ಲೂ ಮತ್ತೆ ಅದೇ ಪಾಲು ಉದುರುತ್ತದೆ, ಒಂದೂವರೆ ತಿಂಗಳಿಗೊಮ್ಮೆ ಈ ಕಡಿತ ಮರುಕಳಿಸುತ್ತದೆ. ಮೂರು ಸುತ್ತು ಮುಗಿಯುವ ಹೊತ್ತಿಗೆ, ಬೇರೇನೂ ಬದಲಾಗದಿದ್ದರೆ, ಮೊದಲಿದ್ದಿರಬಹುದಾದ ಹೇನಿನ ಅರ್ಧದಷ್ಟು ಮಾತ್ರ ಆ ನೀರಿನಲ್ಲಿ ಉಳಿದಿರುತ್ತದೆ. ಅದೇ ನೀರಿನಲ್ಲಿ ಹಾದು ಕಡಲಿಗೆ ಹೋಗುವ ಕಾಡುಸಾಲ್ಮನ್ ಮರಿಗಳಿಗೂ ಇದರ ಪಾಲು ಸಿಗುತ್ತದೆ.